ಯಂತ್ರಗಳ ಸಾಕ್ಷ್ಯ

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಅರಿವನ್ನು ಗಳಿಸುವ ಎರಡು ದಾರಿಗಳನ್ನು ಅವರು ನಾಲ್ಕೇ ಪದಗಳಲ್ಲಿ ಅಡಕವಾಗಿ ಹೇಳಿದ್ದಾರೆ. ಈ ಎರಡು ದಾರಿಗಳೂ ಬಂದು ಕೂಡುವ ತಾಣವೊಂದಿದೆ, ಅದೇ ವಸ್ತುಸಂಗ್ರಹಾಲಯ. ಅಲ್ಲಿಗೆ ಹೋದವನು ದೂರದ ದೇಶಗಳನ್ನೂ ಕಳೆದುಹೋದ ಕಾಲಗಳನ್ನೂ ಒಂದೇ ಸೂರಿನಡಿಯಲ್ಲಿ ಸುತ್ತಿ ಬರುತ್ತಾನೆ. ಪ್ರತಿಯೊಂದು ವಸ್ತುವಿನ ಬಳಿ ಇರುವ ವಿವರಫಲಕವನ್ನು ಓದುತ್ತ ಹೋದರೆ ಒಂದು ಪುಸ್ತಕವನ್ನೇ ಓದಿದಂತಾಗುತ್ತದೆ.

ವಸ್ತುಸಂಗ್ರಹಾಲಯ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ವೀರಗಲ್ಲು, ಶಾಸನ, ನಾಣ್ಯ, ಕತ್ತಿ, ಗುರಾಣಿಗಳು. ಆದರೆ ವಿಜ್ಞಾನಕ್ಕೂ ಯಂತ್ರಗಳಿಗೂ ತಮ್ಮದೇ ಆದ ಇತಿಹಾಸವಿದೆ. ಹಕ್ಕಿಯಂತೆ ಹಾರಬೇಕೆಂದು ಹಂಬಲಿಸಿದ ಮನುಷ್ಯ ಚಂದ್ರನವರೆಗೆ ಹೋಗಿ ಬಂದ ಕಥೆಯನ್ನು ಹೇಳುವ ಸಂಗ್ರಹಾಲಯಗಳು ಜಗತ್ತಿನ ಹಲವು ಕಡೆಗಳಲ್ಲಿವೆ. ನಮ್ಮ ಬೆಂಗಳೂರಿನಲ್ಲಿಯೂ ಇವೆ. "ಅವುಗಳನ್ನು ನೋಡಲು ಅಷ್ಟು ದೂರ ಏಕೆ ಹೋಗಬೇಕು? ಅಂಗೈಯಲ್ಲಿರುವ ಫೋನಿನಲ್ಲಿಯೇ ಎಲ್ಲ ಚಿತ್ರಗಳೂ ಕಾಣುತ್ತವಲ್ಲ?" ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಹೇಳುವುದೇ ಈ ಬರಹದ ಉದ್ದೇಶ.

ಚಿತ್ರಕ್ಕೂ ವಸ್ತುವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಚಿತ್ರವನ್ನು ತೆಗೆದವನು ತಾನು ತೋರಿಸಬೇಕೆಂದುಕೊಂಡದ್ದನ್ನು ಮಾತ್ರ ತೋರಿಸುತ್ತಾನೆ. ವಸ್ತುವಾದರೋ ಎಲ್ಲವನ್ನೂ ತನ್ನ ಮೈಮೇಲೆ ಹೊತ್ತು ನಿಂತಿರುತ್ತದೆ. ಹೊಲಿಗೆಯ ಗುರುತು, ಸುಟ್ಟ ಕಲೆ, ತೇಪೆ, ಬಾಗಿದ ತಗಡು ಇವೆಲ್ಲವೂ ಅಲ್ಲಿರುತ್ತವೆ. ನ್ಯಾಯಾಲಯದಲ್ಲಿ ಸಾಕ್ಷಿಗೆ ಯಾವ ಸ್ಥಾನವಿದೆಯೋ ವಿಜ್ಞಾನದ ಇತಿಹಾಸದಲ್ಲಿ ವಸ್ತುವಿಗೆ ಆ ಸ್ಥಾನವಿದೆ. ಆದುದರಿಂದ ವಿಜ್ಞಾನದ ಸಂಗ್ರಹಾಲಯ ಒಳ್ಳೆಯದೋ ಅಲ್ಲವೋ ಎಂಬುದನ್ನು ಅಳೆಯಲು ನನ್ನ ಬಳಿ ಒಂದೇ ಅಳತೆಗೋಲು ಇದೆ: ಅದು ಸತ್ಯವನ್ನು ಹೇಳುತ್ತದೆಯೇ? ಗೆಲುವನ್ನು ಮೆರೆಸುವಂತೆಯೇ ಅದರ ಹಿಂದಿನ ಶ್ರಮವನ್ನೂ ಸೋಲನ್ನೂ ತೋರಿಸುತ್ತದೆಯೇ? ಕಟ್ಟಡ ಎಷ್ಟು ದೊಡ್ಡದು, ದೀಪಗಳು ಎಷ್ಟು ಝಗಝಗಿಸುತ್ತವೆ ಎಂಬುದೆಲ್ಲ ಆಮೇಲಿನ ಮಾತು. ಈ ದೃಷ್ಟಿಯಿಂದ ನನಗೆ ಮೆಚ್ಚಿಗೆಯಾದ ಕೆಲವು ಸಂಗ್ರಹಾಲಯಗಳನ್ನು ಕುರಿತು ಇಲ್ಲಿ ಹೇಳುತ್ತೇನೆ.

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ರಾಷ್ಟ್ರೀಯ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯವಿದೆ. ಅದರ ಕಟ್ಟಡ ಸಾರ್ವಜನಿಕರಿಗೆ ತೆರೆದದ್ದು 1976ರ ಜುಲೈ 1ರಂದು. ಆಗ ಅದರ ನಿರ್ದೇಶಕರಾಗಿದ್ದವರು ಮೈಕೇಲ್ ಕಾಲಿನ್ಸ್. 1969ರ ಜುಲೈ ತಿಂಗಳಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ನೆಲದ ಮೇಲೆ ನಡೆದಾಡುತ್ತಿದ್ದಾಗ, ಮಾತೃನೌಕೆಯಲ್ಲಿ ಏಕಾಂಗಿಯಾಗಿ ಚಂದ್ರನನ್ನು ಸುತ್ತುತ್ತಿದ್ದವರು ಇವರೇ. 'ಕೊಲಂಬಿಯಾ' ಎಂಬ ಆ ನೌಕೆ ಈಗ ಇದೇ ಸಂಗ್ರಹಾಲಯದಲ್ಲಿದೆ.

ಕೊಲಂಬಿಯಾದ ಮುಂದೆ ನಿಂತವನಿಗೆ ಮೊದಲು ತೋರುವುದು ಅದರ ಚಿಕ್ಕತನ. ನೆಲದಿಂದ ಮೇಲೆದ್ದ ಸ್ಯಾಟರ್ನ್-5 ರಾಕೆಟ್ಟಿನ ಎತ್ತರ ಸುಮಾರು 110 ಮೀಟರು. ಅಷ್ಟು ದೊಡ್ಡ ಯಂತ್ರದಲ್ಲಿ ಭೂಮಿಗೆ ಮರಳಿ ಬಂದದ್ದು ತಳದಲ್ಲಿ ನಾಲ್ಕು ಮೀಟರಿಗಿಂತ ತುಸು ಕಡಿಮೆ ಅಗಲವಿರುವ ಈ ಗೂಡು ಮಾತ್ರ. ಮೂವರು ಮನುಷ್ಯರು ಎಂಟು ದಿನಗಳ ಪ್ರಯಾಣವನ್ನು ನಡೆಸಿದ್ದು ಇದರ ಆಶ್ರಯದಲ್ಲಿಯೇ. ವಾಯುಮಂಡಲವನ್ನು ಮತ್ತೆ ಹೊಕ್ಕಾಗ ಬೆಂಕಿಗೆ ಮೈಯೊಡ್ಡಿದ ಗುರುತು ಅದರ ಹೊರಮೈಯ ಮೇಲೆ ಇಂದಿಗೂ ಇದೆ. 2016ರಲ್ಲಿ ಅದರ ಒಳಭಾಗವನ್ನು ಸೂಕ್ಷ್ಮವಾಗಿ ಚಿತ್ರಿಸಿಕೊಂಡಾಗ ಗೋಡೆಗಳ ಮೇಲೆ ಗಗನಯಾತ್ರಿಗಳು ಕೈಯಿಂದ ಬರೆದಿದ್ದ ಅಂಕೆಗಳೂ ಟಿಪ್ಪಣಿಗಳೂ ಬೆಳಕಿಗೆ ಬಂದವು. ಅವುಗಳಲ್ಲಿ ಒಂದು, ಕಳೆದ ದಿನಗಳಿಗೆ ಗೀಟು ಹಾಕಿದ ಪುಟ್ಟ ಪಂಚಾಂಗ. ಜಗತ್ತೇ ಕಣ್ಣರಳಿಸಿ ನೋಡುತ್ತಿದ್ದ ಪ್ರಯಾಣದಲ್ಲಿಯೂ ಮನೆಗೆ ಮರಳುವ ದಿನವನ್ನು ಎಣಿಸುತ್ತಿದ್ದ ಮನುಷ್ಯರು ಅವರು ಎಂಬುದನ್ನು ಆ ಗೀಟುಗಳು ಹೇಳುತ್ತವೆ. ದೂರದಿಂದ ತೆಗೆದ ಯಾವ ಚಿತ್ರವೂ ಇದನ್ನು ಹೇಳಿರಲಿಲ್ಲ.

ಇದೇ ಸಂಗ್ರಹಾಲಯದಲ್ಲಿ ಇನ್ನೂ ದೊಡ್ಡ ಪಾಠವನ್ನು ಕಲಿಸುವ ಯಂತ್ರವೊಂದಿದೆ. ಅದು ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನ. ಮರದ ಕಡ್ಡಿಗಳು, ಹತ್ತಿಯ ಬಟ್ಟೆ, ತಂತಿಗಳು, ಸುಮಾರು 12 ಅಶ್ವಶಕ್ತಿಯ ಒಂದು ಎಂಜಿನು. ಇಷ್ಟೇ ಅದರ ಸಾಮಗ್ರಿ. ಓಹಿಯೋ ಪ್ರಾಂತದ ಡೇಟನ್ ನಗರದಲ್ಲಿ ಬೈಸಿಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ಮತ್ತು ಆರ್ವಿಲ್ ಅದನ್ನು ತಾವೇ ರೂಪಿಸಿದರು. ಎಂಜಿನನ್ನು ಅವರ ಅಂಗಡಿಯ ಕೆಲಸಗಾರ ಚಾರ್ಲಿ ಟೇಲರ್ ಮಾಡಿಕೊಟ್ಟ. 1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಬಳಿಯ ಮರಳುದಿಣ್ಣೆಗಳ ಬಯಲಿನಲ್ಲಿ ಅದು ನಾಲ್ಕು ಬಾರಿ ಹಾರಿತು. ಮೊದಲನೆಯ ಹಾರಾಟ 12 ಸೆಕೆಂಡು, 120 ಅಡಿ. ನಾಲ್ಕನೆಯದು 59 ಸೆಕೆಂಡು, 852 ಅಡಿ. ಆಮೇಲೆ ಬೀಸಿದ ಗಾಳಿಗೆ ಸಿಕ್ಕಿ ಮಗುಚಿಬಿದ್ದ ಆ ವಿಮಾನ ಮುಂದೆಂದೂ ಹಾರಲಿಲ್ಲ.

ಈ ಗೆಲುವು ಒಂದು ದಿನದ ಅದೃಷ್ಟವಾಗಿರಲಿಲ್ಲ. ಅವರಿಗಿಂತ ಮೊದಲು ಜರ್ಮನಿಯ ಆಟೋ ಲಿಲಿಯೆಂಥಾಲ್ ಎಂಬಾತ ಎಂಜಿನಿಲ್ಲದ ಗ್ಲೈಡರುಗಳಲ್ಲಿ ಗುಡ್ಡಗಳಿಂದ ಸುಮಾರು ಎರಡು ಸಾವಿರ ಸಲ ತೇಲಿ ಇಳಿದಿದ್ದ. 1896ರಲ್ಲಿ ಗ್ಲೈಡರಿನಿಂದ ಬಿದ್ದು ಪ್ರಾಣ ತೆತ್ತ. ಆತನ ಗ್ಲೈಡರುಗಳಲ್ಲಿ ಒಂದು ಇದೇ ಸಂಗ್ರಹಾಲಯದಲ್ಲಿ ಉಳಿದಿದೆ. ರೈಟ್ ಸಹೋದರರು ತಮ್ಮ ಕೆಲಸವನ್ನು ಆರಂಭಿಸಿದ್ದು ಆತನ ಅಂಕಿಅಂಶಗಳನ್ನು ನಂಬಿ. ಲೆಕ್ಕಕ್ಕೂ ಅನುಭವಕ್ಕೂ ಹೊಂದಿಕೆಯಾಗದಿದ್ದಾಗ ಅವರು ಎದೆಗುಂದಲಿಲ್ಲ. 1901ರಲ್ಲಿ ಮರದ ಪೆಟ್ಟಿಗೆಯೊಂದರೊಳಗೆ ಗಾಳಿಯನ್ನು ಹಾಯಿಸಿ, ಗರಗಸದ ಅಲಗು, ಬೈಸಿಕಲ್ಲಿನ ಕಡ್ಡಿಗಳಿಂದ ಮಾಡಿದ ತಕ್ಕಡಿಯಲ್ಲಿ ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಆ ಹನ್ನೆರಡು ಸೆಕೆಂಡುಗಳ ಹಿಂದೆ ಇಷ್ಟು ತಾಳ್ಮೆಯಿತ್ತು. ಒಬ್ಬನ ಬಲಿದಾನವೂ ಇತ್ತು.

ಈಗ ನಾನು ಹೇಳಬೇಕೆಂದಿರುವ ಪಾಠಕ್ಕೆ ಬರೋಣ. ರೈಟ್ ಸಹೋದರರು ಹಾರಿದ ವರ್ಷದಲ್ಲಿಯೇ ಇನ್ನೊಬ್ಬ ವಿಜ್ಞಾನಿಯೂ ವಿಮಾನವನ್ನು ಹಾರಿಸಲು ಯತ್ನಿಸಿದ್ದರು. ಅವರು ಸ್ಯಾಮ್ಯುಯೆಲ್ ಲ್ಯಾಂಗ್ಲಿ; ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥರು, ಹೆಸರಾಂತ ಖಗೋಳ ವಿಜ್ಞಾನಿ. 1903ರ ಅಕ್ಟೋಬರ್ 7ರಂದು ಮತ್ತು ಡಿಸೆಂಬರ್ 8ರಂದು ಅವರ ಯಂತ್ರ ಎರಡು ಬಾರಿಯೂ ಪೊಟೋಮ್ಯಾಕ್ ನದಿಯಲ್ಲಿ ಬಿದ್ದುಹೋಯಿತು. ಲ್ಯಾಂಗ್ಲಿ 1906ರಲ್ಲಿ ತೀರಿಕೊಂಡರು. 1914ರಲ್ಲಿ ಗ್ಲೆನ್ ಕರ್ಟಿಸ್ ಎಂಬ ವಿಮಾನ ತಯಾರಕ ಅದೇ ಯಂತ್ರವನ್ನು ದುರಸ್ತಿ ಮಾಡಿ, ಅದರಲ್ಲಿ ಹಲವಾರು ಮಾರ್ಪಾಡುಗಳನ್ನು ಮಾಡಿಕೊಂಡು ಸರೋವರವೊಂದರ ಮೇಲೆ ಅಲ್ಪ ದೂರ ಹಾರಿಸಿದ. ಸ್ಮಿತ್‌ಸೋನಿಯನ್ ಸಂಸ್ಥೆ ಆ ಮಾರ್ಪಾಡುಗಳನ್ನು ಮರೆಮಾಚಿತು. ಯಂತ್ರವನ್ನು ಮತ್ತೆ ಹಳೆಯ ರೂಪಕ್ಕೆ ತಂದು, ಮನುಷ್ಯನನ್ನು ಹೊತ್ತು ಹಾರುವ ಸಾಮರ್ಥ್ಯವಿದ್ದ ಮೊದಲ ವಿಮಾನ ಇದೇ ಎಂಬ ಅರ್ಥದ ಫಲಕವನ್ನು ಹಚ್ಚಿ ಪ್ರದರ್ಶನಕ್ಕೆ ಇಟ್ಟಿತು.

ಒಂದು ಫಲಕದ ಮೇಲಿನ ಕೆಲವೇ ಮಾತುಗಳು! ಆದರೆ ಅವು ತಂದ ಫಲವನ್ನು ನೋಡಿ. ವಿಲ್ಬರ್ ಆ ವೇಳೆಗಾಗಲೇ ತೀರಿಕೊಂಡಿದ್ದ. ಆರ್ವಿಲ್ ಹಲವು ವರ್ಷ ವಾದಿಸಿ ಸೋತು, 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟ. ಅಮೆರಿಕದ ಮಣ್ಣಿನಿಂದ ಮೊದಲು ಮೇಲೆದ್ದ ವಿಮಾನ ಇಪ್ಪತ್ತು ವರ್ಷ ಪರದೇಶದಲ್ಲಿ ಇರಬೇಕಾಯಿತು. ಕೊನೆಗೆ 1942ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಲ್ಯಾಂಗ್ಲಿಯ ಯಂತ್ರದಲ್ಲಿ ಆಗಿದ್ದ ಮಾರ್ಪಾಡುಗಳ ಪಟ್ಟಿಯನ್ನು ಪ್ರಕಟಿಸಿ, ತನ್ನ ಹಿಂದಿನ ಮಾತನ್ನು ಹಿಂತೆಗೆದುಕೊಂಡಿತು. ವಿಮಾನವು ವಾಷಿಂಗ್ಟನ್ನಿಗೆ ಮರಳಿ, 1948ರ ಡಿಸೆಂಬರ್ 17ರಂದು, ಹಾರಿದ ದಿನಕ್ಕೆ ಸರಿಯಾಗಿ 45 ವರ್ಷಗಳು ತುಂಬಿದಾಗ ಅಲ್ಲಿ ಪ್ರತಿಷ್ಠಿತವಾಯಿತು. ಅದನ್ನು ನೋಡಲು ಆರ್ವಿಲ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಆತ ಕಣ್ಮುಚ್ಚಿದ್ದ.

ಲ್ಯಾಂಗ್ಲಿ ಸಾಮಾನ್ಯ ವಿಜ್ಞಾನಿಯಲ್ಲ. ಅವರ ಸೋಲು ನಾಚಿಕೆಯ ಸಂಗತಿಯೂ ಅಲ್ಲ. ನಾಚಿಕೆಯಾಗಬೇಕಾದದ್ದು ಸೋಲನ್ನು ಗೆಲುವೆಂದು ಬರೆದ ಆ ಫಲಕಕ್ಕೆ. ಇಂದು ಲ್ಯಾಂಗ್ಲಿಯವರ ಯಂತ್ರವೂ ಅದೇ ಸಂಸ್ಥೆಯ ಇನ್ನೊಂದು ಕಟ್ಟಡದಲ್ಲಿ ಗೌರವದಿಂದ ಉಳಿದಿದೆ. ಹಾರದ ಯಂತ್ರವಾಗಿಯೇ ಅದಕ್ಕೆ ಅಲ್ಲಿ ಸ್ಥಾನ ದೊರೆತಿದೆ. ಒಂದು ಸಂಗ್ರಹಾಲಯ ಮಾಡಬಹುದಾದ ಅತ್ಯಂತ ಪ್ರಾಮಾಣಿಕ ಕೆಲಸ ಇದೆಂದು ನನ್ನ ಅಭಿಪ್ರಾಯ. ರೈಟ್ ವಿಮಾನದ ವಿಷಯದಲ್ಲಿಯೂ ಅಷ್ಟೇ. ಅದರ ರೆಕ್ಕೆಗಳ ಮೇಲೆ ಈಗ ಇರುವ ಬಟ್ಟೆ 1903ರದಲ್ಲ, 1985ರಲ್ಲಿ ಹೊಸದಾಗಿ ಹೊದಿಸಿದ್ದು ಎಂದು ಸಂಗ್ರಹಾಲಯವೇ ತಿಳಿಸುತ್ತದೆ. ಹೀಗೆ ತಿಳಿಸಿದ್ದರಿಂದ ವಿಮಾನದ ಬೆಲೆ ಕಡಿಮೆಯಾಗಲಿಲ್ಲ. ಹೇಳುವವರ ಮಾತಿನ ಬೆಲೆ ಹೆಚ್ಚಿತು.

ಇಂಥ ದೌರ್ಬಲ್ಯ ಅಮೆರಿಕದವರಿಗೆ ಮಾತ್ರ ಸೇರಿದ್ದೆಂದು ನಾವು ನಗಬೇಕಾಗಿಲ್ಲ. ನಮ್ಮವರು ಎಲ್ಲರಿಗಿಂತ ಮೊದಲು ಮಾಡಿದರು ಎಂದು ಹೇಳಿಕೊಳ್ಳುವ ಆಸೆ ಎಲ್ಲ ದೇಶಗಳಲ್ಲಿಯೂ ಇದೆ. ಪ್ರಾಚೀನ ಕಾಲದ ವಿಮಾನಗಳನ್ನು ವರ್ಣಿಸುತ್ತದೆಂದು ಹೇಳಲಾದ 'ವೈಮಾನಿಕ ಶಾಸ್ತ್ರ' ಎಂಬ ಸಂಸ್ಕೃತ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರಿಶೀಲಿಸಿ, 1974ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಆ ಗ್ರಂಥ ಇಪ್ಪತ್ತನೆಯ ಶತಮಾನಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿಸಿರುವ ಯಂತ್ರಗಳು ಹಾರಲಾರವೆಂದೂ ಅವರು ಕಂಡುಕೊಂಡರು. ಅವರು ಗ್ರಂಥವನ್ನು ಹಾಗೆಯೇ ನಂಬಿಬಿಡಲಿಲ್ಲ. ಓದದೆ ಎಸೆಯಲೂ ಇಲ್ಲ. ಓದಿ, ಲೆಕ್ಕ ಹಾಕಿ, ನಿರ್ಣಯಕ್ಕೆ ಬಂದರು. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಕಟ್ಟಿದವರೂ ನಮ್ಮವರೇ ಅಲ್ಲವೇ? ನಿಜವಾದ ಅಭಿಮಾನಕ್ಕೆ ಆ ಗಾದೆಯೇ ಸಾಕು.

ಪ್ರಮಾಣಿಸಿ ನೋಡಬೇಕಾದರೆ ಕಣ್ಣು ಮಾತ್ರ ಸಾಲದು, ಕೈಯೂ ಬೇಕು. ಈ ಮರ್ಮವನ್ನು ಬಹಳ ಹಿಂದೆಯೇ ಅರಿತವರು ಜರ್ಮನಿಯ ಎಂಜಿನಿಯರ್ ಆಸ್ಕರ್ ಫಾನ್ ಮಿಲ್ಲರ್. 1903ರಲ್ಲಿಯೇ ಅವರು ಮ್ಯೂನಿಕ್ ನಗರದಲ್ಲಿ ಜರ್ಮನ್ ಸಂಗ್ರಹಾಲಯಕ್ಕೆ ಅಡಿಪಾಯ ಹಾಕಿದರು. ಈಸಾರ್ ನದಿಯ ನಡುಗಡ್ಡೆಯ ಮೇಲಿನ ಅದರ ಕಟ್ಟಡ ತೆರೆದದ್ದು 1925ರಲ್ಲಿ. 'ಮುಟ್ಟಬೇಡಿ' ಎಂಬುದೇ ಸಂಗ್ರಹಾಲಯಗಳ ಮೊದಲ ನಿಯಮವಾಗಿದ್ದ ಕಾಲದಲ್ಲಿ ಅವರು ಗುಂಡಿಗಳನ್ನು ಒತ್ತಲು, ಹಿಡಿಗಳನ್ನು ತಿರುಗಿಸಲು ನೋಡುಗರನ್ನು ಕರೆದರು. ಯಂತ್ರಗಳನ್ನು ಅರ್ಧಕ್ಕೆ ಸೀಳಿ ಒಳಗಿನ ಚಲನೆಯನ್ನು ತೋರಿಸಿದರು. ಯಂತ್ರವೆಂದರೆ ದೂರದಿಂದ ಕೈಮುಗಿಯಬೇಕಾದ ವಸ್ತುವಲ್ಲ, ಅರಿತುಕೊಳ್ಳಬಹುದಾದ ವಸ್ತು ಎಂಬುದನ್ನು ಜನರಿಗೆ ಕಲಿಸಿದರು.

ಈ ಬಗೆಯ ಶಿಕ್ಷಣಕ್ಕಾಗಿ ನಾವು ಮ್ಯೂನಿಕ್‌ಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. 1962ರಲ್ಲಿ ಪ್ರಧಾನಿ ನೆಹರೂ ಅವರು ಅದರ ಕಟ್ಟಡವನ್ನು ಉದ್ಘಾಟಿಸಿದರು. 1965ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಸನ್ನೆಗೋಲು, ರಾಟೆ, ಹಲ್ಲುಗಾಲಿ, ಉಗಿಯಂತ್ರ, ವಿದ್ಯುತ್ತು ಇವುಗಳ ತತ್ತ್ವಗಳನ್ನು ಅಲ್ಲಿ ಕೈಯಾಡಿಸಿಯೇ ಕಲಿಯಬಹುದು. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯೂ ಇದೆ. ಅದು ಪ್ರತಿಕೃತಿಯೇ ಹೊರತು ಮೂಲವಲ್ಲ ಎಂಬುದನ್ನು ಮರೆಯಬಾರದು. ಆದರೂ ಹನ್ನೆರಡು ಮೀಟರಿಗೂ ಹೆಚ್ಚು ಅಗಲಕ್ಕೆ ಚಾಚಿದ ಆ ರೆಕ್ಕೆಗಳ ಎದುರಿಗೆ ನಿಂತಾಗ, ಹಾರುವವನು ಕೆಳಗಿನ ರೆಕ್ಕೆಯ ಮೇಲೆ ಬೋರಲಾಗಿ ಮಲಗಿ, ಸೊಂಟವನ್ನು ಅತ್ತಿತ್ತ ಸರಿಸಿ ರೆಕ್ಕೆಗಳ ತುದಿಯನ್ನು ತಿರುಚುತ್ತಿದ್ದನೆಂಬುದು ಮನಸ್ಸಿಗೆ ನಾಟುತ್ತದೆ. ಪಾಠದಲ್ಲಿ ಓದಿದ '120 ಅಡಿ' ಎಂಬ ಅಂಕೆಗೆ ಆಗ ಜೀವ ಬರುತ್ತದೆ.

ವಿಮಾನದಿಂದ ರಾಕೆಟ್ಟಿನ ಕಡೆಗೆ ತಿರುಗಿದರೆ ನನಗೆ ಅಚ್ಚುಮೆಚ್ಚಾದ ತಾಣ ಕೇರಳದ ತಿರುವನಂತಪುರದ ಬಳಿ ಇರುವ ಥುಂಬಾ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಈ ಊರಿನ ಸಮೀಪದಲ್ಲಿ ಹಾದುಹೋಗುವುದರಿಂದ ಮೇಲಿನ ವಾಯುಮಂಡಲವನ್ನು ಅಭ್ಯಾಸ ಮಾಡಲು ಇದು ತಕ್ಕ ಸ್ಥಳವೆಂದು ವಿಕ್ರಮ ಸಾರಾಭಾಯಿ ಅವರೂ ಅವರ ಸಂಗಡಿಗರೂ ಆರಿಸಿದರು. ಅಲ್ಲಿ ಇದ್ದದ್ದು ಬೆಸ್ತರ ಹಳ್ಳಿ, ಅವರ ಸಂತ ಮೇರಿ ಮಗ್ದಲೇನಾ ಇಗರ್ಜಿ. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಭಕ್ತರ ಒಪ್ಪಿಗೆಯನ್ನು ಪಡೆದು ಇಗರ್ಜಿಯನ್ನು ವಿಜ್ಞಾನಿಗಳಿಗೆ ಬಿಟ್ಟುಕೊಟ್ಟರು. ಜನ ಪ್ರಾರ್ಥಿಸುತ್ತಿದ್ದ ಮಂದಿರವೇ ವಿಜ್ಞಾನಿಗಳ ಕೆಲಸದ ಮನೆಯಾಯಿತು. 1963ರ ನವೆಂಬರ್ 21ರಂದು ಅಮೆರಿಕ ಒದಗಿಸಿದ ನೈಕಿ-ಅಪಾಚೆ ಎಂಬ ರಾಕೆಟ್ಟು ಥುಂಬಾದ ಕಡಲತೀರದಿಂದ ಮೇಲೇರಿತು. ಇಂದು ಅದೇ ಇಗರ್ಜಿ ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿದೆ. ಭಾರತದ ರಾಕೆಟ್ಟುಗಳ, ಉಪಗ್ರಹಗಳ ಮಾದರಿಗಳು ಅದರ ಆವರಣದಲ್ಲಿವೆ. ಆದರೆ ಅಲ್ಲಿ ಎಲ್ಲಕ್ಕಿಂತ ಹಿರಿಯ ವಸ್ತು ಆ ಕಟ್ಟಡವೇ ಎಂದು ನಾನು ಭಾವಿಸುತ್ತೇನೆ. ಇನ್ನೊಬ್ಬರು ಬಿಟ್ಟುಕೊಟ್ಟ ಚಿಕ್ಕ ಜಾಗದಲ್ಲಿಯೂ ದೊಡ್ಡ ಕೆಲಸ ಆರಂಭವಾಗಬಹುದು ಎಂಬುದಕ್ಕೆ ಆ ಗೋಡೆಗಳೇ ಸಾಕ್ಷಿ.

ಭಾರತದ ಬಾಹ್ಯಾಕಾಶ ಸಾಧನೆಯನ್ನು ಕುರಿತು ಮಾತನಾಡುವಾಗ ಹಲವರು ತೋರಿಸುವ ಛಾಯಾಚಿತ್ರವೊಂದುಂಟು. ಅದರಲ್ಲಿ 'ಆಪಲ್' ಎಂಬ ಉಪಗ್ರಹ ಎತ್ತಿನ ಗಾಡಿಯ ಮೇಲೆ ಕುಳಿತಿದೆ. ಉಪಗ್ರಹವನ್ನು ಸಾಗಿಸಲು ಮೋಟಾರು ವಾಹನಕ್ಕೂ ಗತಿಯಿಲ್ಲದ ಬಡತನವಿದು ಎಂದು ಚಿತ್ರವನ್ನು ಮಾತ್ರ ಕಂಡವರು ತಿಳಿಯುತ್ತಾರೆ. ನಿಜಾಂಶ ಬೇರೆ. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾಗಿತ್ತು. ಸುತ್ತ ಲೋಹವಿದ್ದರೆ ಪರೀಕ್ಷೆ ಕೆಡುತ್ತಿತ್ತು. ಮರದ ಗಾಡಿಯಲ್ಲಿ ಆ ತೊಡಕು ಇರಲಿಲ್ಲ. ಆದುದರಿಂದ ವಿಜ್ಞಾನಿಗಳು ಅದನ್ನೇ ಬಾಡಿಗೆಗೆ ತಂದರು. ಆಪಲ್ 1981ರ ಜೂನ್ 19ರಂದು ಐರೋಪ್ಯ ರಾಕೆಟ್ಟಿನಲ್ಲಿ ಬಾಹ್ಯಾಕಾಶವನ್ನು ಸೇರಿತು. ಒಂದೇ ಚಿತ್ರ, ವಿವರವಿಲ್ಲದಿದ್ದರೆ ಬಡತನದ ಕಥೆ. ವಿವರವಿದ್ದರೆ ಬುದ್ಧಿವಂತಿಕೆಯ ಕಥೆ. ವಿವರಫಲಕದ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಬೆಂಗಳೂರಿನ ಎಚ್.ಎ.ಎಲ್. ಪರಂಪರಾ ಕೇಂದ್ರ ಮತ್ತು ವೈಮಾನಿಕ ಸಂಗ್ರಹಾಲಯ. ಅದು 2001ರಲ್ಲಿ ಆರಂಭವಾಯಿತು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆ ಬೆಳೆದು ಬಂದ ಬಗೆಯನ್ನು ಅದು ತೋರಿಸುತ್ತದೆ. ಅಲ್ಲಿ ಇರುವ ವಿಮಾನಗಳಲ್ಲಿ ವಿದ್ಯಾರ್ಥಿಗಳು ತಪ್ಪದೆ ನಿಂತು ನೋಡಬೇಕಾದದ್ದು 'ಮಾರುತ'. ಭಾರತದಲ್ಲಿ ರೂಪಿಸಿ ನಿರ್ಮಿಸಿದ ಮೊದಲ ಜೆಟ್ ಯುದ್ಧವಿಮಾನ ಇದು. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ವಿನ್ಯಾಸಕಾರರ ಮುಂದಾಳುತನದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಅದು ಮೊದಲ ಬಾರಿಗೆ ಹಾರಿತು. 1971ರ ಯುದ್ಧದಲ್ಲಿಯೂ ಸೇವೆ ಸಲ್ಲಿಸಿತು. ಶಬ್ದದ ವೇಗವನ್ನು ಮೀರಿ ಹಾರಬೇಕೆಂಬ ಗುರಿಯಿಂದ ಅದನ್ನು ರೂಪಿಸಲಾಗಿತ್ತು. ಆದರೆ ಅದಕ್ಕೆ ಬೇಕಾದ ಬಲವಾದ ಎಂಜಿನು ಕೊನೆಗೂ ದೊರೆಯಲಿಲ್ಲ. ದೊರೆತ ಎರಡು ಕಡಿಮೆ ಬಲದ ಎಂಜಿನುಗಳಿಂದಲೇ ಅದು ತನ್ನ ಬಾಳನ್ನು ಮುಗಿಸಿತು.

ಮಾರುತದ ನುಣುಪಾದ ಮೈಯನ್ನು ನೋಡಿ "ಎಷ್ಟು ಚೆಂದ!" ಎಂದು ಹೊರಟುಬಿಡುವವನಿಗೆ ಆ ವಿಮಾನ ಏನನ್ನೂ ಹೇಳುವುದಿಲ್ಲ. "ಇಷ್ಟು ಚೆನ್ನಾದ ವಿಮಾನ ಏಕೆ ತನ್ನ ಗುರಿಯನ್ನು ಮುಟ್ಟಲಿಲ್ಲ?" ಎಂದು ಕೇಳುವವನಿಗೆ ಅದು ಒಂದು ಇಡೀ ಅಧ್ಯಾಯವನ್ನೇ ಬಿಡಿಸಿಡುತ್ತದೆ. ಜೆಟ್ ಎಂಜಿನನ್ನು ಸ್ವಂತವಾಗಿ ನಿರ್ಮಿಸುವುದು ಬಹಳ ಕಷ್ಟದ ವಿದ್ಯೆ. ಎಂಜಿನಿನೊಳಗಿನ ಅಲಗುಗಳು ಉರಿಯುವ ಅನಿಲದ ನಡುವೆ ಅಪಾರ ವೇಗದಲ್ಲಿ ತಿರುಗಬೇಕು. ಆ ತಾಪವನ್ನು ತಡೆಯಬಲ್ಲ ಲೋಹಗಳು ಬೇಕು. 2001ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ 'ತೇಜಸ್' ನಮ್ಮವರೇ ರೂಪಿಸಿದ ವಿಮಾನ. ಆದರೆ ಅದರ ಎಂಜಿನು ಅಮೆರಿಕದ್ದು. ಮಾರುತ ಕೇಳಿದ ಪ್ರಶ್ನೆಗೆ ಇನ್ನೂ ಪೂರ್ಣ ಉತ್ತರ ದೊರೆತಿಲ್ಲ. ಈ ಪಾಠವನ್ನು ಓದುತ್ತಿರುವವರಲ್ಲಿ ಯಾರಾದರೊಬ್ಬರು ಮುಂದೆ ಆ ಉತ್ತರಕ್ಕೆ ಕೈಹಚ್ಚಬಹುದು. ಆ ಪ್ರಶ್ನೆ ಅವರ ಕಿವಿಗೆ ಬೀಳುವುದು ವಿಮಾನದ ಮುಂದೆ ನಿಂತಾಗ, ಅದರ ಸೋಲನ್ನೂ ಯಾರಾದರೂ ಹೇಳಿದಾಗ.

"ಎಳೆಯರ ಮುಂದೆ ಸೋಲಿನ ಕಥೆಯನ್ನು ಏಕೆ ಹೇಳಬೇಕು? ಅವರ ಉತ್ಸಾಹ ಕುಂದುವುದಿಲ್ಲವೇ?" ಎಂದು ಕೆಲವರು ಆಕ್ಷೇಪಿಸುತ್ತಾರೆ. ಇದು ಸದುದ್ದೇಶದ ಮಾತೇ. ಆದರೆ ಅನುಭವ ಬೇರೆಯದನ್ನು ಹೇಳುತ್ತದೆ. ಭಾರತದ ಮೊದಲ ಉಪಗ್ರಹವಾಹಕ ರಾಕೆಟ್ಟಾದ ಎಸ್.ಎಲ್.ವಿ.-3 ತನ್ನ ಮೊದಲ ಪ್ರಯತ್ನದಲ್ಲಿ, 1979ರ ಆಗಸ್ಟಿನಲ್ಲಿ, ಸೋತಿತು. ಒಂದು ವರ್ಷ ತುಂಬುವ ಮೊದಲೇ, 1980ರ ಜುಲೈ 18ರಂದು, ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಇಳಿನೌಕೆ ಚಂದ್ರನ ಮೇಲೆ ಬಿದ್ದು ಒಡೆಯಿತು. ವಿಜ್ಞಾನಿಗಳು ಅದರ ಕಾರಣಗಳನ್ನು ಒಂದೊಂದಾಗಿ ಹುಡುಕಿದರು, ಹೊಸ ನೌಕೆಯನ್ನು ಅದಕ್ಕೆ ತಕ್ಕಂತೆ ಬಲಪಡಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಮೆಲ್ಲನೆ ಇಳಿಯಿತು. ಮೊದಲ ಸೋಲನ್ನು ಬಚ್ಚಿಟ್ಟಿದ್ದರೆ ಎರಡನೆಯ ಗೆಲುವಿನ ಅರ್ಥವೇ ನಮಗೆ ತಿಳಿಯುತ್ತಿರಲಿಲ್ಲ. ಗೆಲುವುಗಳನ್ನು ಮಾತ್ರ ಕಂಡು ಬೆಳೆದ ಹುಡುಗ ತನ್ನ ಮೊದಲ ಪ್ರಯೋಗ ಕೆಟ್ಟಾಗ, ತಾನು ವಿಜ್ಞಾನಕ್ಕೆ ತಕ್ಕವನಲ್ಲವೆಂದು ಕೈಚೆಲ್ಲುತ್ತಾನೆ. ರೈಟ್ ಸಹೋದರರ ಪೆಟ್ಟಿಗೆಯ ಕಥೆಯನ್ನು ಅರಿತವನು ಮತ್ತೊಮ್ಮೆ ಅಳೆದು ನೋಡುತ್ತಾನೆ.

ಹೀಗಿರುವಾಗ ನಮ್ಮ ಶಾಲೆಗಳ ಪ್ರವಾಸಗಳು ನಡೆಯುವ ರೀತಿಯನ್ನು ಕಂಡು ನನಗೆ ವ್ಯಸನವಾಗುತ್ತದೆ. ಹಲವು ವರ್ಷ ಮಕ್ಕಳೊಂದಿಗೆ ಪ್ರವಾಸ ಹೋದವನಾದ್ದರಿಂದ ಈ ಮಾತನ್ನು ಹೇಳುತ್ತಿದ್ದೇನೆ. ಬೆಳಗ್ಗೆ ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆ ಉದ್ಯಾನ. ನಡುವೆ ಮುಕ್ಕಾಲು ಗಂಟೆ ವಿಜ್ಞಾನ ಸಂಗ್ರಹಾಲಯ! ಮಕ್ಕಳು ಸಾಲಿನಲ್ಲಿ ಒಳಹೊಕ್ಕು ಸಾಲಿನಲ್ಲಿಯೇ ಹೊರಬರುತ್ತಾರೆ. ಒಬ್ಬ ಹುಡುಗಿ ಒಂದು ಯಂತ್ರದ ಮುಂದೆ ಎರಡು ನಿಮಿಷ ಹೆಚ್ಚು ನಿಂತರೆ "ನಡೆಯಮ್ಮ, ಹೊತ್ತಾಯಿತು" ಎಂದು ಹಿಂದಿನಿಂದ ಕೂಗು ಬರುತ್ತದೆ. ಪ್ರವಾಸದ ಉದ್ದೇಶ ಸಫಲವಾಗುತ್ತಿದ್ದ ಕ್ಷಣವೇ ಅದು ಎಂಬುದನ್ನು ನಾವು ಉಪಾಧ್ಯಾಯರು ಮರೆತುಬಿಡುತ್ತೇವೆ. ಸಂಗ್ರಹಾಲಯಗಳನ್ನು ನಡೆಸುವವರಿಗೂ ಒಂದು ಮಾತು ಹೇಳಬೇಕು. ಒತ್ತಿದರೂ ಕೆಲಸ ಮಾಡದ ಗುಂಡಿ, ಅಕ್ಷರ ಅಳಿಸಿದ ಫಲಕ, ಕನ್ನಡದಲ್ಲಿ ವಿವರವಿಲ್ಲದ ಯಂತ್ರ ಇವು ಹಳ್ಳಿಯಿಂದ ಬಂದ ಮಗುವಿಗೆ ಮುಚ್ಚಿದ ಬಾಗಿಲುಗಳಂತೆ. ಹೊಸ ಕಟ್ಟಡವನ್ನು ಕಟ್ಟುವುದಕ್ಕೆ ಮೊದಲು ಹಳೆಯ ಗುಂಡಿಯನ್ನು ಸರಿಪಡಿಸುವುದು ಮೇಲು.

ಸಂಗ್ರಹಾಲಯಕ್ಕೆ ಹೋಗುವ ವಿದ್ಯಾರ್ಥಿ ಎಲ್ಲವನ್ನೂ ನೋಡಬೇಕೆಂಬ ಆತುರವನ್ನು ಬಿಡಬೇಕು. ಮೂರೇ ವಸ್ತುಗಳನ್ನು ಆರಿಸಿಕೊಳ್ಳಲಿ. ಪ್ರತಿಯೊಂದರ ಮುಂದೆಯೂ ಕಾಲು ಗಂಟೆ ನಿಲ್ಲಲಿ. ಮೊದಲು ವಿವರಫಲಕವನ್ನು ಓದದೆ ವಸ್ತುವನ್ನೇ ನೋಡಲಿ: ಯಾವುದರಿಂದ ಮಾಡಿದ್ದಾರೆ, ಎಲ್ಲಿ ಸವೆದಿದೆ, ಎಲ್ಲಿ ತೇಪೆ ಹಾಕಿದ್ದಾರೆ? ಆಮೇಲೆ ಫಲಕವನ್ನು ಓದಿ, ಕಂಡದ್ದಕ್ಕೂ ಓದಿದ್ದಕ್ಕೂ ಹೊಂದಿಕೆಯಿದೆಯೇ ಎಂದು ನೋಡಲಿ. ಇದು ಮೂಲವೋ ಪ್ರತಿಕೃತಿಯೋ ಎಂದು ಕೇಳಲಿ. ಇದಕ್ಕೆ ಮೊದಲು ಯಾರು ಪ್ರಯತ್ನಿಸಿ ಸೋತಿದ್ದರು ಎಂದು ಕೇಳಲಿ. ಫೋನಿನಲ್ಲಿ ಚಿತ್ರ ತೆಗೆಯುವುದಕ್ಕೆ ಮೊದಲು ಟಿಪ್ಪಣಿ ಪುಸ್ತಕದಲ್ಲಿ ತನ್ನ ಕೈಯಿಂದಲೇ ಒಂದು ರೇಖಾಚಿತ್ರವನ್ನು ಬರೆದುಕೊಳ್ಳಲಿ. ಕೈ ಬರೆಯುವಾಗ ಕಣ್ಣು ಚುರುಕಾಗುತ್ತದೆ. ಬೆಂಗಳೂರು ದೂರವಾದವರಿಗೆ ಕಲಬುರಗಿಯ ವಿಜ್ಞಾನ ಕೇಂದ್ರವಿದೆ, ಮಂಗಳೂರಿನ ಬಳಿ ಪಿಲಿಕುಳದ ಕೇಂದ್ರವಿದೆ. ಅದೂ ದೂರವಾದರೆ ಊರಿನ ಹಿಟ್ಟಿನ ಗಿರಣಿ, ಕಮ್ಮಾರನ ಕುಲುಮೆ, ನೀರೆತ್ತುವ ಪಂಪು ಇವುಗಳ ಮುಂದೆಯೂ ಇದೇ ಪ್ರಶ್ನೆಗಳನ್ನು ಕೇಳಬಹುದು.

ವಾಷಿಂಗ್ಟನ್ನಿನ ಸಂಗ್ರಹಾಲಯದಲ್ಲಿ ನೋಡುಗರು ಮುಟ್ಟಬಹುದಾದ ಚಂದ್ರಶಿಲೆಯ ಪುಟ್ಟ ಚೂರೊಂದಿದೆ. 1972ರಲ್ಲಿ ಅಪೊಲೊ-17ರ ಯಾತ್ರಿಗಳು ತಂದ ಕಲ್ಲು ಅದು. ಲಕ್ಷಾಂತರ ಜನರ ಬೆರಳು ಸೋಕಿ ನುಣುಪಾಗಿದೆ. ಚಂದ್ರನ ಚಿತ್ರಗಳನ್ನು ಅವರೆಲ್ಲರೂ ಮೊದಲೇ ನೋಡಿದ್ದವರೇ. ಆದರೂ ಸರದಿಯಲ್ಲಿ ನಿಂತು, ಕೈಚಾಚಿ ಮುಟ್ಟಿ ಹೋಗುತ್ತಾರೆ. ನಿಜವಾದದ್ದನ್ನು ತಾನೇ ಮುಟ್ಟಿ ತಿಳಿಯಬೇಕೆಂಬ ಈ ಹಂಬಲ ಮನುಷ್ಯನಲ್ಲಿ ಸಹಜವಾಗಿಯೇ ಇದೆ. ಅದನ್ನು ಕಾಪಾಡುವ ಸಂಗ್ರಹಾಲಯಗಳು ನಮಗೆ ಬೇಕು; ಅಲ್ಲಿ ನಿಂತು ನೋಡುವ ಬಿಡುವನ್ನು ನಮ್ಮ ಮಕ್ಕಳಿಗೆ ನಾವು ಕೊಡಬೇಕು.